ಹಿಂಡಿಗೆ ಬೇಕಾದ ತಾಯಿಕುರಿಗಳನ್ನು ಮನೆಯ ಮರಿಗಳಿಂದಲೇ ಬೆಳೆಸಿಕೊಂಡ ಬಗೆ

ಶಿರಾ ಸೀಮೆಯಲ್ಲಿ ಮಾಂಸಕ್ಕಾಗಿ ಕುರಿ ಸಾಕುವ ನಮ್ಮಂಥವರಿಗೆ ಪ್ರತಿವರ್ಷ ಎದುರಾಗುವ ಪ್ರಶ್ನೆಯೊಂದಿದೆ: ಹಲ್ಲು ಸವೆದ, ಗೊಡ್ಡುಬಿದ್ದ, ಕೆಚ್ಚಲು ಕೆಟ್ಟ ಕುರಿಗಳನ್ನು ಮಾರಿದ ಮೇಲೆ ಅವುಗಳ ಜಾಗಕ್ಕೆ ಹೆಣ್ಣು ಕುರಿಗಳನ್ನು ಸಂತೆಯಿಂದ ತರಬೇಕೋ, ಮನೆಯ ಮರಿಗಳನ್ನೇ ಉಳಿಸಿಕೊಂಡು ಬೆಳೆಸಬೇಕೋ? ಒಂದು ಕುರಿ ಐದಾರು ವರ್ಷ ಚೆನ್ನಾಗಿ ಈಯುತ್ತದೆ ಎಂದು ಹಿಡಿದರೂ ನೂರು ಕುರಿಗಳ ಹಿಂಡಿನಲ್ಲಿ ವರ್ಷಕ್ಕೆ 15ರಿಂದ 20 ಕುರಿಗಳನ್ನು ಬದಲಿಸಬೇಕಾಗುತ್ತದೆ. ನಾನು ಬೀಜದ ಟಗರನ್ನು ಮಾತ್ರ ಹೊರಗಿನಿಂದ ತಂದು, ತಾಯಿಕುರಿಗಳನ್ನೆಲ್ಲ ಮನೆಯಲ್ಲೇ ಬೆಳೆಸಿಕೊಳ್ಳುತ್ತಿದ್ದೇನೆ.

ಅಕ್ಕಿರಾಂಪುರದಂಥ ದೊಡ್ಡ ಕುರಿ ಸಂತೆಯಲ್ಲಿ ಒಳ್ಳೆಯ ಟಗರು, ಒಳ್ಳೆಯ ಗಂಡು ಮರಿಗಳು ಧಾರಾಳವಾಗಿ ಸಿಗುತ್ತವೆ. ಏಕೆಂದರೆ ಅವು ಮಾರುವುದಕ್ಕೆಂದೇ ಬೆಳೆದವು. ಪ್ರಾಯದ ಹೆಣ್ಣು ಕುರಿಯ ವಿಷಯ ಬೇರೆ. ನಾಲ್ಕು ಹಲ್ಲಿನ (ಹಾಲುಹಲ್ಲು ಬಿದ್ದು ನಾಲ್ಕು ದೊಡ್ಡ ಹಲ್ಲು ಬಂದ), ಮೈಕೈ ತುಂಬಿಕೊಂಡ, ಜೋಡಿ ಮರಿ ಹಾಕುವ ಕುರಿಯನ್ನು ಯಾವ ಕುರಿಗಾರನೂ ಸುಮ್ಮನೆ ಸಂತೆಗೆ ಹೊಡೆದುಕೊಂಡು ಬರುವುದಿಲ್ಲ. ಮನೆಯಲ್ಲಿ ಮದುವೆ, ಆಸ್ಪತ್ರೆ, ಸಾಲದ ಕಂತು ಎಂದು ಅನಿವಾರ್ಯವಾಗಿ ಮಾರುವವರು ಇದ್ದಾರೆ, ಅಂಥ ಕುರಿಗಳು ಸಿಕ್ಕರೆ ಅದೃಷ್ಟ. ಹಲ್ಲು ನೋಡಿ ವಯಸ್ಸು ತಿಳಿಯಬಹುದು, ಕೆಚ್ಚಲು ಹಿಸುಕಿ ಗಂಟು ಇದೆಯೋ ಇಲ್ಲವೋ ನೋಡಬಹುದು. ಆದರೆ ಕಳೆದ ವರ್ಷ ಅದು ಕಂದು ಹಾಕಿತ್ತೇ (ಗಬ್ಬ ಇಳಿದಿತ್ತೇ), ಈದ ಮರಿಯನ್ನು ಒದ್ದು ಮೊಲೆ ಕೊಡದೆ ಹೋಗಿತ್ತೇ ಎಂಬುದನ್ನು ತಿಳಿಯುವ ದಾರಿ ಕೊಳ್ಳುವವನಿಗಿಲ್ಲ.

ಮನೆಯ ಮರಿಯಾದರೆ ಅದರ ತಾಯಿಯ ಪೂರ್ತಿ ಚರಿತ್ರೆ ನಮ್ಮ ಪುಸ್ತಕದಲ್ಲಿರುತ್ತದೆ. ಪ್ರತಿ ಕುರಿಯ ಕಿವಿಗೂ ನಂಬರಿನ ಬಿಲ್ಲೆ ಹಾಕಿ, ಈದ ದಿನ, ಮರಿಗಳ ಸಂಖ್ಯೆ, ಹುಟ್ಟಿದಾಗಿನ ತೂಕ, ಮೂರು ತಿಂಗಳಿನ ತೂಕ ಇಷ್ಟನ್ನು ಬರೆದಿಡುತ್ತೇನೆ. ಮೂರು ತಿಂಗಳಿನ ತೂಕ ತಾಯಿಯ ಹಾಲಿನ ಅಳತೆಯೂ ಹೌದು. ಅದನ್ನು ಓದುವಾಗ ಮಾತ್ರ ಎಚ್ಚರ ಬೇಕು: ಒಂಟಿಯಾಗಿ ಹುಟ್ಟಿದ ಮರಿ ಎರಡು ಮೊಲೆಯನ್ನೂ ತಾನೇ ಕುಡಿದು ದುಂಡಗೆ ಕಾಣುತ್ತದೆ, ಜೋಡಿಯಲ್ಲಿ ಹುಟ್ಟಿದ್ದು ಸ್ವಲ್ಪ ಸಣ್ಣದಾಗಿರುತ್ತದೆ. ಕಣ್ಣಳತೆಯಲ್ಲಿ ಆರಿಸಿದರೆ ವರ್ಷ ವರ್ಷವೂ ಒಂಟಿ ಮರಿಗಳೇ ಉಳಿದು, ಹಿಂಡಿನಿಂದ ಜೋಡಿ ಹಾಕುವ ಗುಣವೇ ಮೆಲ್ಲಗೆ ಜಾರಿಹೋಗುತ್ತದೆ. ಆದ್ದರಿಂದ ಜೋಡಿಗಳನ್ನು ಜೋಡಿಗಳೊಂದಿಗೆ, ಒಂಟಿಗಳನ್ನು ಒಂಟಿಗಳೊಂದಿಗೆ ಹೋಲಿಸಿ, ಎರಡು ಮರಿಗಳನ್ನೂ ಬದುಕಿಸಿದ ತಾಯಿಯ ಮಗಳಿಗೆ ಮೊದಲ ಸ್ಥಾನ ಕೊಡುತ್ತೇನೆ.

ಈ ಆಯ್ಕೆ ವ್ಯಾಪಾರಿ ರೊಪ್ಪದ (ಕುರಿದೊಡ್ಡಿಯ) ಬಾಗಿಲಿಗೆ ಬರುವ ಮೊದಲೇ ಮುಗಿದಿರಬೇಕು. ಅವರು ಕೈ ಹಾಕುವುದೇ ತೂಕದ ಮರಿಗೆ, ಬೆಲೆ ಕಟ್ಟುವುದೂ ಅದಕ್ಕೇ. ಒಳ್ಳೆಯ ಹೆಣ್ಣು ಮರಿಗಳೆಲ್ಲ ಹಾಗೆ ಹೋಗಿ, ಯಾರಿಗೂ ಬೇಡವಾದ ಬಡಕಲು ಮರಿಗಳು ಮುಂದಿನ ತಾಯಿಗಳಾಗಿ ಉಳಿಯುವುದನ್ನು ನಮ್ಮ ಸುತ್ತಲಿನ ಹಲವು ಹಿಂಡುಗಳಲ್ಲಿ ಕಾಣಬಹುದು. ನಾನು ಆರಿಸಿದ ಮರಿಗಳಿಗೆ ಬೇರೆ ಬಣ್ಣದ ಬಿಲ್ಲೆ ಹಾಕಿ ಬೇರೆ ಅಂಕಣದಲ್ಲಿ ಕೂಡುತ್ತೇನೆ, ಅವುಗಳ ಬೆಲೆಯನ್ನು ಕೇಳಿಸಿಕೊಳ್ಳುವುದೂ ಇಲ್ಲ.

ಮೂರು ತಿಂಗಳಿಗೆ ತಾಯಿಯಿಂದ ಬಿಡಿಸಿದ ಮೇಲೆ ಹೆಣ್ಣು ಮರಿಗಳನ್ನು ಗಂಡು ಮರಿಗಳಿಂದಲೂ ಅಗಲಿಸುತ್ತೇನೆ. ಐದಾರು ತಿಂಗಳಿನ ಗಂಡು ಮರಿಯೂ ಹಾರಬಲ್ಲದು, ಎಳೆಯ ಮರಿ ಗಬ್ಬವಾದರೆ ಅದರ ಬೆಳವಣಿಗೆ ಅಲ್ಲಿಗೇ ಕುಂಠಿತವಾಗುತ್ತದೆ. ಹಗಲು ಮೇಯಿಸಿ, ಸಂಜೆ ತೊಗರಿ ಹೊಟ್ಟು ಅಥವಾ ಕಡಲೆಕಾಯಿ ಬಳ್ಳಿಯ ಜೊತೆಗೆ ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ, ಖನಿಜ ಮಿಶ್ರಣ ಸೇರಿಸಿದ ಆಹಾರವನ್ನು ಮರಿಯೊಂದಕ್ಕೆ 200 ಗ್ರಾಂನಷ್ಟು ಕೊಡುತ್ತೇನೆ. ಬಕ್ರೀದ್ ಟಗರಿಗೆ ತಿನ್ನಿಸಿದಂತೆ ಇವುಗಳಿಗೆ ತಿನ್ನಿಸಬಾರದು. ಎಳವೆಯಲ್ಲಿ ಮೈಗೆ ಕೊಬ್ಬು ಸೇರಿದರೆ ಕೆಚ್ಚಲಿನಲ್ಲೂ ಕೊಬ್ಬು ತುಂಬಿ ಮುಂದೆ ಹಾಲು ಕಡಿಮೆಯಾಗುತ್ತದೆ. ಟಗರಿಗೆ ಬಿಡುವ ಸಮಯವನ್ನು ವಯಸ್ಸಿಗಿಂತ ತೂಕದಿಂದ ನಿರ್ಧರಿಸುವುದು ಮೇಲು. ಬೆಳೆದ ಕುರಿಯ ತೂಕದ ಮೂರರಲ್ಲಿ ಎರಡು ಪಾಲನ್ನು ಮುಟ್ಟಿರಬೇಕು. ತಾಯಿ 30 ಕಿಲೋ ತೂಗಿದರೆ ಮಗಳು 20 ಕಿಲೋ ದಾಟಿರಬೇಕು. ಇದಕ್ಕೆ ಹತ್ತರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ, ಗಬ್ಬದ ಐದು ತಿಂಗಳು ಸೇರಿದರೆ ಮೊದಲ ಮರಿ ಕಾಣಲು ಒಂದೂಕಾಲು ವರ್ಷಕ್ಕೂ ಮೀರಿ ಕಾಯಬೇಕು. ಮನೆಯಲ್ಲಿ ಬೆಳೆಸುವುದರ ನಿಜವಾದ ಖರ್ಚು ಈ ಕಾಯುವಿಕೆಯೇ, ಕೈಯಲ್ಲಿ ಹಣವಿಲ್ಲದವರಿಗೆ ಇದು ಕಷ್ಟವೆಂಬುದನ್ನು ಒಪ್ಪುತ್ತೇನೆ.

ಮೊದಲ ಈತದಲ್ಲಿ ಮರಿಯನ್ನು ಸೇರಿಸದ, ಹಾಲಿಲ್ಲದ ಕುರಿಯನ್ನು ಎರಡನೆಯ ಈತಕ್ಕೆ ಉಳಿಸುವುದಿಲ್ಲ. ಹಾಗಾಗಿ ಬೇಕಾದುದಕ್ಕಿಂತ ಕೆಲವು ಮರಿಗಳನ್ನು ಹೆಚ್ಚಾಗಿಯೇ ಆರಿಸಿರುತ್ತೇನೆ.

ಮನೆಯ ಹೆಣ್ಣುಗಳನ್ನೇ ಉಳಿಸುವವನು ಟಗರನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಲ್ಲದಿದ್ದರೆ ಅಪ್ಪನೇ ಮಗಳನ್ನು ಹಾರಿ ಹಿಂಡು ಒಳಸಂಬಂಧದಿಂದ ಸೊರಗುತ್ತದೆ. ಟಗರನ್ನು ಅದರ ತಾಯಿಯನ್ನು ಕಣ್ಣಾರೆ ನೋಡಿ ತರುತ್ತೇನೆ. ಜೋಡಿ ಮರಿ ಹೆಚ್ಚಬೇಕೆನ್ನುವವರಿಗೆ ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ನಾರಿ ಸುವರ್ಣ ಟಗರು ಒಂದು ದಾರಿ. ಬಂಗಾಳದ ಸುಂದರಬನದ ಗರೋಲ್ ಕುರಿಯ, ಹೆಚ್ಚು ಮರಿ ಹಾಕಿಸುವ ಫೆಕ್‌ಬಿ ವಂಶವಾಹಿ ಅದರಲ್ಲಿದೆ; ಅಪ್ಪ-ಅಮ್ಮನಿಂದ ಒಂದೊಂದರಂತೆ ಅದರ ಎರಡೂ ಪ್ರತಿಗಳಿರುವ ಟಗರನ್ನು ನಾಟಿ ಕುರಿಗಳಿಗೆ ಬಿಟ್ಟರೆ ಹುಟ್ಟುವ ಪ್ರತಿ ಹೆಣ್ಣು ಮರಿಗೂ ಒಂದು ಪ್ರತಿ ಬರುತ್ತದೆ. ಮೇಯಿಸಿ ಸಾಕುವ ಹಿಂಡಿಗೆ ಆ ಒಂದು ಪ್ರತಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡು ಪ್ರತಿಯಿರುವ ಕುರಿ ಮೂರು ಮರಿ ಹಾಕುವುದೂ ಉಂಟು, ಮೂರು ಮರಿಗಳಿಗೆ ಹಾಲೂಡಿಸುವ ಶಕ್ತಿ ನಮ್ಮ ಬಯಲಿನ ಹುಲ್ಲಿಗಿಲ್ಲ.

ಹೊಸದಾಗಿ ಹಿಂಡು ಕಟ್ಟುವವರು ಹೆಣ್ಣು ಕುರಿ ಕೊಳ್ಳದೆ ವಿಧಿಯಿಲ್ಲ. ಅಂಥವರು ಸಂತೆಗಿಂತ ಕುರಿಗಾರರ ಹಟ್ಟಿಗೇ ಹೋಗಿ, ಕಾಲಬಳಿ ಮರಿಯಿರುವ ಎರಡು ಅಥವಾ ನಾಲ್ಕು ಹಲ್ಲಿನ ಕುರಿಗಳನ್ನು ಆರಿಸಲಿ. ಮರಿಯ ಮೈಯೇ ತಾಯಿಯ ಹಾಲಿಗೆ ಸಾಕ್ಷಿ ಹೇಳುತ್ತದೆ. ತಂದ ಕುರಿಗಳನ್ನು ಒಂದು ತಿಂಗಳು ಬೇರೆ ರೊಪ್ಪದಲ್ಲಿಟ್ಟು, ಜಂತುನಾಶಕ ಕುಡಿಸಿ, ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆಯ ಲಸಿಕೆ ಹಾಕಿಸಿದ ಮೇಲೆ ಹಿಂಡಿಗೆ ಸೇರಿಸಬೇಕು. ಮಳೆಗಾಲದಲ್ಲಿ ನುಸಿಗಳಿಂದ ನೀಲಿನಾಲಿಗೆ ರೋಗ ಹರಡುವುದರಿಂದ ಆ ತಿಂಗಳುಗಳಲ್ಲಿ ನಾನು ಟಗರನ್ನೂ ಕೊಳ್ಳುವುದಿಲ್ಲ. ಕೊಳ್ಳುವುದೇನಿದ್ದರೂ ಬೇಸಿಗೆಯಲ್ಲೇ ಮುಗಿಸುತ್ತೇನೆ.