ಬಾಣಗಳ ಗೋಜಲಾಗಿದ್ದ ಗುರಿ ನಕ್ಷೆ ಸರಿಹೋದ ಬಗೆ

ಸಮಸ್ಯೆ: ಗಾಣದ ಎಣ್ಣೆ ಘಟಕದ ವರ್ಷದ ಗುರಿಗಳನ್ನು ಒಂದೇ ಚಿತ್ರದಲ್ಲಿ ಬರೆದರೆ 31 ಡಬ್ಬಿ (ಗುರಿಗೊಂದು ಚೌಕ), ಅವುಗಳ ನಡುವೆ 60ಕ್ಕೂ ಹೆಚ್ಚು ಬಾಣ. ಯಾವ ಕೆಲಸ ಮೊದಲು ಎಂಬುದೇ ಕಾಣುತ್ತಿರಲಿಲ್ಲ.

ಬಣ್ಣ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಮೈಂಡ್ ಮ್ಯಾಪ್ ಚಿತ್ರವೂ ಆಗಲಿಲ್ಲ: ಅದು ನಡುವಿನ ವಿಷಯದಿಂದ ಕವಲೊಡೆಯುತ್ತದೆ, ಕಾರಣ ಯಾವುದು ಫಲ ಯಾವುದು ಹೇಳುವುದಿಲ್ಲ. ವಿಭಾಗವಾರು ಹಂಚಿದರೆ ಗಾಣಕ್ಕೂ ಮಾರಾಟಕ್ಕೂ ಇರುವ ಕೊಂಡಿಯೇ ಕಡಿಯಿತು.

ಸರಿಹೋಗಿದ್ದು ನಿರ್ವಹಣಾ ತಜ್ಞರಾದ ಕಪ್ಲಾನ್ ಮತ್ತು ನಾರ್ಟನ್ ಅವರ ಸ್ಟ್ರಾಟೆಜಿ ಮ್ಯಾಪ್ ಪದ್ಧತಿಯಿಂದ, ಅಂದರೆ ಯಾವ ಗುರಿ ಯಾವುದಕ್ಕೆ ಕಾರಣ ಎಂದು ಬಾಣದಿಂದ ತೋರಿಸುವ ನಕ್ಷೆಯಿಂದ. ಎ3 ಹಾಳೆಯನ್ನು ಅಡ್ಡಲಾಗಿಟ್ಟು ನಾಲ್ಕು ಪಟ್ಟಿ ಎಳೆಯಿರಿ: ಮೇಲಿನಿಂದ ಹಣಕಾಸು, ಗ್ರಾಹಕ, ಒಳಗಿನ ಕೆಲಸ, ಕಲಿಕೆ. ಡಬ್ಬಿ ತುಂಬುವುದು ಮೇಲಿನಿಂದ ಕೆಳಕ್ಕೆ, ಬಾಣ ಎಳೆಯುವುದು ಕೆಳಗಿನಿಂದ ಮೇಲಕ್ಕೆ. ಈ ಕ್ರಮ ತಪ್ಪಿದರೆ ಮತ್ತೆ ಗೋಜಲು. ಪಟ್ಟಿಗೆ ಹೆಚ್ಚೆಂದರೆ 3 ಡಬ್ಬಿ. 'ಗುಣಮಟ್ಟ' ಎಂದು ಬರೆದರೆ ಸಾಲದು, 'ತೇವವಿರುವ ಶೇಂಗಾ ವಾಪಸ್ ಕಳಿಸುವುದು' ಎಂದಿರಬೇಕು.

ಆಮೇಲೆ ಪ್ರತಿ ಬಾಣವನ್ನೂ ಗಟ್ಟಿಯಾಗಿ ಓದಿ: ತೇವಾಂಶ ಅಳೆಯಲು ಕಲಿತರೆ ತೇವದ ಶೇಂಗಾ ವಾಪಸ್ ಹೋಗುತ್ತದೆ, ಅದು ಹೋದರೆ ಕಮಟು ವಾಸನೆಯ ದೂರು ಇಳಿಯುತ್ತದೆ, ದೂರು ಇಳಿದರೆ ಮರುಖರೀದಿಯ ಆದಾಯ ಏರುತ್ತದೆ. ಓದುವಾಗ ತಡವರಿಸಿದ ಬಾಣ ಅಳಿಸಿ. ಉಳಿದದ್ದು 11 ಡಬ್ಬಿ, 13 ಬಾಣ.

ಡಬ್ಬಿಯ ಮೂಲೆಯಲ್ಲಿ ಒಂದು ಅಳತೆ, ಒಬ್ಬರ ಹೆಸರು. ಇಬ್ಬರ ಹೆಸರು ಬರೆದರೆ ಇಬ್ಬರೂ ನೋಡುವುದಿಲ್ಲ.