ಡ್ರಮ್ ಸಿಂಬಲ್ ಸೀಳುವುದೇಕೆ, ಸೀಳಿದ ಮೇಲೆ ಮಾಡಬೇಕಾದ್ದೇನು

ಡ್ರಮ್ ಸೆಟ್ಟಿನಲ್ಲಿ ಕೋಲಿನಿಂದ ಬಾರಿಸುವ ಲೋಹದ ತಟ್ಟೆ, ಅಂದರೆ ಸಿಂಬಲ್, ಸೀಳಿದಾಗ ಹೆಚ್ಚಿನವರು ಮೊದಲು ದೂರುವುದು ಲೋಹವನ್ನು. ತಯಾರಿಕೆಯಲ್ಲೇ ದೋಷವಿರುವ ಸಿಂಬಲ್‌ಗಳು ಇಲ್ಲವೆಂದಲ್ಲ. ಆದರೆ ಅಂಥ ದೋಷ ಸಾಮಾನ್ಯವಾಗಿ ಬಳಕೆಯ ಆರಂಭದಲ್ಲೇ ಬಯಲಾಗುತ್ತದೆ. ವರ್ಷಗಟ್ಟಲೆ ಚೆನ್ನಾಗಿ ನುಡಿದ ಸಿಂಬಲ್ ಒಂದು ದಿನ ಬಿರುಕು ಬಿಟ್ಟಿದ್ದರೆ ಅದರ ಕಾರಣವನ್ನು ಸ್ಟ್ಯಾಂಡಿನ ತುದಿಯಲ್ಲಿ, ಇಲ್ಲವೇ ಬಾರಿಸುವವರ ಕೈಯಲ್ಲಿ ಹುಡುಕುವುದು ಸರಿ. ಕಾರಣ ತಿಳಿಯದೆ ಹೊಸದನ್ನು ಕೊಂಡು ಅದೇ ಸ್ಟ್ಯಾಂಡಿಗೆ ಹಾಕಿದರೆ ಅದೂ ಅದೇ ಜಾಗದಲ್ಲಿ ಸೀಳುವ ಸಾಧ್ಯತೆಯೇ ಹೆಚ್ಚು.

ಒಳ್ಳೆಯ ಸಿಂಬಲ್‌ಗಳಲ್ಲಿ ಹೆಚ್ಚಿನವು ಕಂಚಿನವು. ಬಿ20 ಎಂದು ಕರೆಯುವ ಮಿಶ್ರಲೋಹದಲ್ಲಿ ಸುಮಾರು 80 ಭಾಗ ತಾಮ್ರ, 20 ಭಾಗ ತವರ ಇರುತ್ತದೆ. ಬಿ8 ಎಂಬುದರಲ್ಲಿ ತವರ 8 ಭಾಗ ಮಾತ್ರ. ಅಗ್ಗದ ಕಲಿಕೆಯ ಸೆಟ್ಟುಗಳಲ್ಲಿ ಹಿತ್ತಾಳೆಯೂ ಉಂಟು. ತವರ ಹೆಚ್ಚಿದಂತೆ ಲೋಹ ಗಡುಸಾಗಿ ನಾದ ಶ್ರೀಮಂತವಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ನಮ್ಮ ಜಾಗಟೆ ಮತ್ತು ಭಜನೆಯ ತಾಳದ ಕಂಚೂ ಇದೇ ಕುಲದ್ದು. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದ ತಾಳ ಬಗ್ಗುವುದಕ್ಕಿಂತ ಸೀಳುವುದೇ ಹೆಚ್ಚು. ಬಿ20 ಲೋಹವನ್ನು ಕೆಂಪಗೆ ಕಾಯಿಸಿ, ಉರುಳೆಗಳ ನಡುವೆ ಹಾಯಿಸಿ ತೆಳುವಾಗಿಸಿದ ಮೇಲೆ ನೀರಿನಲ್ಲಿ ಥಟ್ಟನೆ ತಣಿಸುತ್ತಾರೆ. ಹಾಗೆ ತಣಿಸುವುದರಿಂದಲೇ ಅದಕ್ಕೆ ಏಟು ತಾಳುವಷ್ಟು ಬಾಗುವ ಗುಣ ಬರುತ್ತದೆ. ರಿಪೇರಿಯ ಮಾತಿಗೆ ಬಂದಾಗ ಈ ಸಂಗತಿ ಮತ್ತೆ ಬೇಕಾಗುತ್ತದೆ. ಹಾಗೆಂದು ತವರದ ಪ್ರಮಾಣವನ್ನೇ ದರ್ಜೆಯ ಅಳತೆಗೋಲು ಮಾಡಿಕೊಳ್ಳಬಾರದು; ಪೈಸ್ಟಿ ಕಂಪನಿಯ ಹೆಸರಾಂತ 2002 ಸರಣಿ ಬಿ8 ಲೋಹದ್ದೇ.

ಸಿಂಬಲ್ ಏಟನ್ನು ತಾಳಿಕೊಳ್ಳುವುದು ತೂಗಾಡಿ. ಮೇಲಿನ ವಿಂಗ್ ನಟ್ಟನ್ನು (ಬೆರಳಿನಿಂದಲೇ ತಿರುಗಿಸುವ ರೆಕ್ಕೆಯ ನಟ್ಟು) ಬಿಗಿದುಬಿಟ್ಟರೆ ತೂಗಾಟ ನಿಂತು, ಏಟಿನ ಬಲವೆಲ್ಲ ಅಂಚಿಗೂ ನಡುವೆ ಗುಮ್ಮಟದಂತೆ ಉಬ್ಬಿದ ಬೆಲ್ ಎಂಬ ಭಾಗದ ಬುಡಕ್ಕೂ ಬೀಳುತ್ತದೆ. ಬಾರಿಸುವಾಗ ಸಿಂಬಲ್ ಅಲುಗುತ್ತದೆಂದು ನಟ್ಟು ಬಿಗಿಯುವ ಅಭ್ಯಾಸವೇ, ನನ್ನ ದೃಷ್ಟಿಯಲ್ಲಿ, ಬೇರೆಲ್ಲ ಕಾರಣಗಳಿಗಿಂತ ಹೆಚ್ಚು ಸಿಂಬಲ್‌ಗಳನ್ನು ಕೊಂದಿದೆ. ನಟ್ಟು ಹಾಕಿದ ಮೇಲೆ ಅಂಚನ್ನು ಒಂದು ಬೆರಳಿನಿಂದ ಒತ್ತಿ ನೋಡಬೇಕು. ಅದು ಸಲೀಸಾಗಿ ಬಾಗಿ ತಾನಾಗಿ ಮರಳಬೇಕು. ಕೆಳಗೊಂದು, ಮೇಲೊಂದು ಫೆಲ್ಟ್ (ಮೆತ್ತನೆಯ ಬಿಲ್ಲೆ) ಇರಬೇಕು, ಹಾಗೂ ಕಂಬಿಯ ಸುತ್ತ ಪ್ಲಾಸ್ಟಿಕ್ ಸ್ಲೀವ್ ಇರಲೇಬೇಕು. ಸ್ಲೀವ್ ಸವೆದೋ ಕಳೆದೋ ಹೋದರೆ ಉಕ್ಕಿನ ಕಂಬಿ ನಡುವಿನ ತೂತನ್ನು ಒಂದು ಕಡೆಗೆ ಕೊರೆಯುತ್ತಾ ಹೋಗಿ ತೂತು ಬೀಗದ ಕಿಂಡಿಯ ಆಕಾರಕ್ಕೆ ತಿರುಗುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಕೆಲವೇ ರೂಪಾಯಿಯ ಈ ಕೊಳವೆ ಸಾವಿರಾರು ರೂಪಾಯಿಯ ಸಿಂಬಲನ್ನು ಕಾಯುತ್ತದೆ. ಸಂಗೀತ ಸಾಮಗ್ರಿಯ ಅಂಗಡಿಯಲ್ಲಿ ಸಿಗದಿದ್ದರೆ ತಕ್ಕ ಅಳತೆಯ ಪ್ಲಾಸ್ಟಿಕ್ ಪೈಪಿನ ತುಂಡೂ ನಡೆಯುತ್ತದೆ.

ಇನ್ನು ಏಟಿನ ವಿಷಯ. ಕ್ರ್ಯಾಶ್ ಸಿಂಬಲನ್ನು, ಅಂದರೆ ಒತ್ತು ಕೊಡಲು ಜೋರಾಗಿ ಬಾರಿಸುವ ಸಿಂಬಲನ್ನು, ಅಂಚಿಗೆ ನೇರವಾಗಿ ಗುದ್ದದೆ, ಕೋಲನ್ನು ಓರೆಯಾಗಿ ಸವರಿದಂತೆ ಹೊಡೆದು ದಾಟಿಸಬೇಕು. ಸಿಂಬಲನ್ನು ತೀರಾ ಎತ್ತರದಲ್ಲಿ ಮಟ್ಟಸವಾಗಿಟ್ಟರೂ, ಬಾರಿಸುವವರ ಕಡೆಗೆ ಅತಿಯಾಗಿ ಓಲಿಸಿದರೂ ಕೋಲು ಅಂಚಿಗೆ ಅಡ್ಡಲಾಗಿ ಬಡಿಯುತ್ತದೆ; ಸ್ವಲ್ಪವೇ ಓರೆ ಸಾಕು. ಪ್ರತಿ ಸಿಂಬಲ್‌ಗೂ ಶಬ್ದದ ಮಿತಿಯೊಂದಿದೆ. ಅದನ್ನು ಮುಟ್ಟಿದ ಮೇಲೆ ಎಷ್ಟೇ ಬಲ ಹಾಕಿದರೂ ಹೆಚ್ಚುವುದು ಲೋಹದ ದಣಿವು ಮಾತ್ರ. ಆರ್ಕೆಸ್ಟ್ರಾ ವೇದಿಕೆಯಲ್ಲಿ ಗಿಟಾರಿನ ಅಬ್ಬರದ ನಡುವೆ ತನ್ನ ಸಿಂಬಲ್ ತನಗೇ ಕೇಳಿಸುತ್ತಿಲ್ಲವೆಂದರೆ ಮೈಕು ಅಥವಾ ಮಾನಿಟರ್ ಕೇಳಿ ಪಡೆಯಬೇಕು, ಇಲ್ಲವೇ ದೊಡ್ಡದಾದ, ದಪ್ಪನೆಯ ಸಿಂಬಲ್ ತರಬೇಕು. ತೆಳುವಾದ 16 ಅಂಗುಲದ ಕ್ರ್ಯಾಶ್‌ನಿಂದ ರಾಕ್ ಸಂಗೀತದ ಗದ್ದಲ ಹೊರಡಿಸಲು ಹೋದರೆ ಅದರ ಆಯುಸ್ಸು ಮುಗಿದಂತೆಯೇ. ಸಾಗಿಸುವಾಗ ಅಂಚು ನೆಲಕ್ಕೆ ತಾಗಿ ಬೀಳುವ ಸಣ್ಣ ಕಚ್ಚುಗಳೂ ಮುಂದೆ ಬಿರುಕಿನ ಮೂಲವಾಗುತ್ತವೆ. ಕಂಡ ಕೂಡಲೇ ಅವನ್ನು ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿಬಿಡಬೇಕು.

ಆಗಾಗ ಸಿಂಬಲನ್ನು ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು, ಅಂಚಿನ ಸುತ್ತ ಉಗುರು ಎಳೆದು ನೋಡುವುದು ಒಳ್ಳೆಯದು. ನಾದ ಎಂದಿಗಿಂತ ಬೇಗ ಅಡಗಿದರೆ ಅಥವಾ ಅದರಲ್ಲಿ ಝರ್ ಎಂಬ ಕಂಪನ ಸೇರಿಕೊಂಡರೆ ಎಲ್ಲೋ ಸೀಳಿರಬಹುದು. ಸಿಂಬಲ್ ಹೊಸದಾಗಿದ್ದು ವಾರಂಟಿ ಅವಧಿ ಉಳಿದಿದ್ದರೆ ಉಪಕರಣಕ್ಕೆ ಕೈ ಹಾಕುವ ಮೊದಲು ಬಿಲ್ಲು ಮತ್ತು ಫೋಟೊ ಹಿಡಿದು ಅಂಗಡಿಯವರನ್ನು ಕಾಣಬೇಕು, ಏಕೆಂದರೆ ಒಮ್ಮೆ ಡ್ರಿಲ್ ತಾಗಿದ ಸಿಂಬಲನ್ನು ಯಾರೂ ಬದಲಿಸಿಕೊಡಲಾರರು.

ಒಮ್ಮೆ ಕತ್ತರಿ ತಾಗಿದ ಬಟ್ಟೆ ಬರಿಗೈಗೇ ಹರಿಯುವ ಹಾಗೆ, ಬಿರುಕಿನ ಚೂಪು ತುದಿಯಲ್ಲಿ ಬಲವೆಲ್ಲ ಒಟ್ಟುಗೂಡಿ ಸೀಳು ತಾನಾಗಿ ಬೆಳೆಯುತ್ತದೆ. ಆ ತುದಿಯನ್ನು ದುಂಡಾಗಿಸುವುದೇ ರಿಪೇರಿಯ ತಿರುಳು. ಅಂಚಿನಿಂದ ಒಳಕ್ಕೆ ಹೊರಟ ಬಿರುಕಾದರೆ ಭೂತಗನ್ನಡಿಯಿಂದ ಅದರ ಕೊನೆಯನ್ನು ಹುಡುಕಿ, ಅದಕ್ಕಿಂತ 2–3 ಮಿ.ಮೀ. ಆಚೆ ಗುರುತು ಹಾಕಬೇಕು. ಕಣ್ಣಿಗೆ ಕಾಣುವುದಕ್ಕಿಂತ ಬಿರುಕು ತುಸು ಮುಂದಕ್ಕೆ ಹೋಗಿರುತ್ತದೆ. ಸಿಂಬಲನ್ನು ಮರದ ದಿಮ್ಮಿಯ ಮೇಲೆ ಕ್ಲ್ಯಾಂಪಿನಿಂದ ಕೂರಿಸಿ, ಗುರುತಿನ ಮೇಲೆ ಪಂಚಿನಿಂದ ಮೆಲ್ಲಗೆ ಚುಕ್ಕಿ ಹೊಡೆದು, ಒಂದು ಹನಿ ಎಣ್ಣೆ ಬಿಟ್ಟು, 4 ಅಥವಾ 5 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ಕೊರೆಯಬೇಕು. ಕಣ್ಣು ಕಾಯುವ ಸುರಕ್ಷಾ ಕನ್ನಡಕ ಕಡ್ಡಾಯ, ಉಜ್ಜುವಾಗ ಮೂಗಿಗೆ ಮಾಸ್ಕ್ ಬೇಕು, ಆದರೆ ಡ್ರಿಲ್ ಹಿಡಿದಾಗ ಕೈಗವಸು ಬೇಡ, ತಿರುಗುವ ಬಿಟ್ಟಿಗೆ ಅದು ಸುತ್ತಿಕೊಂಡೀತು.

ತೂತು ಮಾಡಿದರೆ ಕೆಲಸ ಅರ್ಧ ಮುಗಿದಂತೆ. ಬಿರುಕಿನ ಎರಡು ಮಗ್ಗುಲು ಒಂದಕ್ಕೊಂದು ಉಜ್ಜುತ್ತಿರುವವರೆಗೂ ಕಿರಿಕಿರಿಯ ಸದ್ದು ನಿಲ್ಲದು. ಆದುದರಿಂದ ಬಿರುಕು ಅಂಗುಲದ ಒಳಗಿದ್ದರೆ ಅದರ ಎರಡೂ ಬದಿಯ ಲೋಹವನ್ನು ತೂತಿನ ತನಕ ಅರ್ಧಚಂದ್ರಾಕಾರವಾಗಿ ಕತ್ತರಿಸಿ ತೆಗೆಯಬೇಕು. ಎಲ್ಲಿಯೂ ಮೂಲೆ ಉಳಿಯದಂತೆ ಅರದಿಂದ ದುಂಡಾಗಿಸಿ, ಮೊದಲು 220, ಆಮೇಲೆ 600 ನಂಬರಿನ ಉಪ್ಪುಕಾಗದದಿಂದ ಉಜ್ಜಿದರೆ, ಬಾರಿಸುವವರನ್ನು ಬಿಟ್ಟು ಬೇರೆಯವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಸುತ್ತುಗೆರೆಯ ಗುಂಟ ಸಾಗಿದ ಬಿರುಕಿಗೆ ಎರಡೂ ತುದಿಯಲ್ಲಿ ತೂತು ಬೇಕು, ನಡುವಿನ ಸೀಳನ್ನು ಸಣ್ಣ ಗರಗಸದಿಂದ ಅಗಲಿಸಬೇಕು. ಇದು ಅಂಚಿನ ಬಿರುಕಿನಷ್ಟು ಖಚಿತವಾಗಿ ನಿಲ್ಲುವುದಿಲ್ಲ. ಸವೆದ ನಡುದೂತನ್ನು ಉರುಟು ಅರದಿಂದ ಸರಿಪಡಿಸಿ ದಪ್ಪ ಸ್ಲೀವ್ ಹಾಕಬಹುದು. ಬೆಲ್ಲಿನ ಬುಡದಲ್ಲೇ ಸೀಳಿದ್ದರೆ ಆ ಸಿಂಬಲ್ ಮೇಲೆ ಶ್ರಮ ಹಾಕುವುದು ವ್ಯರ್ಥ.

ವೆಲ್ಡಿಂಗ್ ಅಂಗಡಿಗೆ ಮಾತ್ರ ಒಯ್ಯಬಾರದು. ನೀರಿನಲ್ಲಿ ತಣಿಸಿ ತಂದ ಗುಣ ಬೆಸುಗೆಯ ಕಾವಿಗೆ ಕೆಟ್ಟು, ಕೂಡಿಸಿದ ಜಾಗದ ಪಕ್ಕದಲ್ಲೇ ಲೋಹ ಮತ್ತೆ ಸೀಳುತ್ತದೆ, ನಾದವಂತೂ ಮೊದಲಿನಂತಾಗುವುದಿಲ್ಲ. ಅಂಟು, ಎಪಾಕ್ಸಿಗಳಿಂದ ಅಷ್ಟೂ ಉಪಯೋಗವಿಲ್ಲ.

ಅಂಚಿನ ಸುತ್ತ ಹಲವು ಕಡೆ ಸೀಳಿದ 18 ಅಂಗುಲದ ಸಿಂಬಲನ್ನು ನಡುದೂತಿನಿಂದ ಕೈವಾರ ಎಳೆದು 16 ಅಂಗುಲಕ್ಕೆ ಇಳಿಸಬಹುದು. ಗ್ರೈಂಡರಿನಿಂದ ಕತ್ತರಿಸುವುದಾದರೆ ಲೋಹ ಕಾಯದಂತೆ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ತಣಿಸುತ್ತ ಸಾಗಬೇಕು. ಸಿಂಬಲ್‌ಗಳು ಸಾಮಾನ್ಯವಾಗಿ ಅಂಚಿಗೆ ಹೋದಂತೆ ತೆಳುವಾಗುವುದರಿಂದ, ಕತ್ತರಿಸಿ ಉಳಿದದ್ದು ಗಡುಸಾಗಿ, ಎತ್ತರದ ಶ್ರುತಿಯಲ್ಲಿ ನುಡಿಯುತ್ತದೆ. ಕಂಪನಿಯಿಂದ ಬಂದ 16 ಅಂಗುಲದ ಕ್ರ್ಯಾಶ್‌ನ ಮೃದುತ್ವವನ್ನು ಅದರಿಂದ ನಿರೀಕ್ಷಿಸಬಾರದು.

ಇಷ್ಟೆಲ್ಲ ಮಾಡಿದರೂ ಸರಿಹೋಗದ ಸಿಂಬಲ್ ಇನ್ನೊಂದರ ಮೇಲೆ ಕೂತರೆ ಬೆಲೆ ಬಾಳುತ್ತದೆ. ಅಂಚು ಹಿಮ್ಮುಖವಾಗಿ ಮಡಚಿದ ಚೈನಾ ಎಂಬ ಬಗೆಯ ಸಿಂಬಲ್ ಮೇಲೆ ಸೀಳಿದ ಕ್ರ್ಯಾಶನ್ನು ಕವುಚಿ ಸ್ಟ್ಯಾಕ್ ಮಾಡಿದಾಗ ಬರುವ ಒಣ, ತುಂಡು ಸದ್ದನ್ನು ಇಂದಿನ ಡ್ರಮ್ಮರ್‌ಗಳು ಹಣ ಕೊಟ್ಟು ಕೊಳ್ಳುತ್ತಾರೆ. ಅದಕ್ಕೆ ಬಿರುಕು ಅಡ್ಡಿಯಲ್ಲ, ಅನುಕೂಲವೇ. ನಡುಭಾಗವನ್ನಷ್ಟೇ ಕತ್ತರಿಸಿಕೊಂಡರೆ ಗಂಟೆಯಂತೆ ಬಾರಿಸಲು ಒಳ್ಳೆಯ ಬೆಲ್ ಸಿಗುತ್ತದೆ. ಯಾವುದಕ್ಕೆ ಬಳಸಿದರೂ ಚೂಪು ಅಂಚನ್ನು ಉಜ್ಜಿಡಬೇಕು, ಇಲ್ಲದಿದ್ದರೆ ಕೋಲೂ ಬೆರಳೂ ಕೊಯ್ದುಹೋಗುತ್ತವೆ. ಕೊನೆಗೆ ಗುಜರಿಗೆ ಹಾಕುವುದೇ ಆದರೆ ಹಿತ್ತಾಳೆಯ ರಾಶಿಗೆ ಸೇರಿಸಿ ತೂಗಲು ಬಿಡದೆ, ಇದು ಕಂಚೆಂದು ಮೊದಲೇ ಹೇಳಿ ದರ ಮಾತಾಡಬೇಕು. ತವರಕ್ಕೆ ತಾಮ್ರಕ್ಕಿಂತಲೂ ಹೆಚ್ಚು ಬೆಲೆಯಿದೆ.