ಮೇ ತಿಂಗಳ ನೆರಳು ನಂಬಿ ಕೆಟ್ಟೆ

ನಡು ಮಧ್ಯಾಹ್ನ ಕೋಲಿನ ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ಎಲ್ಲೋ ಓದಿದ್ದೆ. ಡಿಸೆಂಬರ್, ಜನವರಿಯಲ್ಲಿ ಸುತ್ತಾಡುವಾಗ ಅದು ಸರಿಯಾಗೇ ಬಂದಿತ್ತು. ಅದೇ ಧೈರ್ಯದಲ್ಲಿ ಒಂದು ಮೇ ನಡುವೆ ಸಾವನದುರ್ಗದ ಪಕ್ಕದ ಕುರುಚಲು ಕಾಡಿಗೆ ಇಳಿದೆ. ಮೊಬೈಲ್ ಚಾರ್ಜ್ ಮುಗಿದಿತ್ತು. ಬಂದ ದಾರಿ ಉತ್ತರಕ್ಕಿದೆ ಅನ್ನೋದಷ್ಟೇ ಗೊತ್ತು.

ಒಂದು ಮೀಟರ್ ಕೋಲು ನೆಟ್ಟೆ. ನೆರಳು ಅರ್ಧ ಗೇಣೂ ಇರಲಿಲ್ಲ. ಅದು ತೋರಿಸಿದ ಕಡೆ ನಡೆದೆ. ಎರಡು ಗಂಟೆ ಹೊತ್ತಿಗೆ ಬಲಗಿವಿ ಸುಡತೊಡಗಿತು. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಪಶ್ಚಿಮದಲ್ಲಿರಬೇಕು. ಉತ್ತರಕ್ಕೆ ಹೋಗುವವನಿಗೆ ಪಶ್ಚಿಮ ಎಡಕ್ಕೆ, ಅಲ್ವಾ? ನಾನು ದಕ್ಷಿಣಕ್ಕೆ ನಡೆಯುತ್ತಿದ್ದೆ! ಬಾಟಲಿಯಲ್ಲಿ ನಾಲ್ಕು ಗುಟುಕು ನೀರು. ಬೈದುಕೊಳ್ಳುತ್ತಾ ವಾಪಸ್ ತಿರುಗಿದೆ.

ನಾನು ಓದಿದ ಮಾತು ನಮಗಿಂತ ಬಹಳ ಉತ್ತರಕ್ಕಿರುವ ದೇಶಗಳದ್ದು. ಅಲ್ಲಿ ಸೂರ್ಯ ಎಂದೂ ನೆತ್ತಿ ದಾಟುವುದಿಲ್ಲ. ಬೆಂಗಳೂರು ಸೀಮೆಯಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಆಗ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಮತ್ತೆ ಆಗಸ್ಟ್ 18ರ ಹೊತ್ತಿಗೆ ತಲೆ ಮೇಲೆ ಬಂದು ದಕ್ಷಿಣಕ್ಕೆ ಇಳಿಯುತ್ತಾನೆ. ಕೈಗಡಿಯಾರದ ಗಂಟೆ ಮುಳ್ಳನ್ನು ಸೂರ್ಯನ ಕಡೆ ಹಿಡಿದು ದಿಕ್ಕು ಹುಡುಕುವ ಉಪಾಯವೂ ಈ ತಿಂಗಳುಗಳಲ್ಲಿ ಕೈಕೊಡುತ್ತದೆ.

ಈಗ ನಾನು ಮಾಡುವುದು ಬೇರೆ. ನೆರಳಿನ ತುದಿಗೆ ಒಂದು ಕಲ್ಲು ಇಡುತ್ತೇನೆ. ಇಪ್ಪತ್ತು ನಿಮಿಷ ಸುಮ್ನೆ ಕೂತು, ಸರಿದ ತುದಿಗೆ ಇನ್ನೊಂದು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ನೆರಳು ಯಾವ ಮಗ್ಗುಲಿಗೇ ಬೀಳಲಿ, ಈ ಲೆಕ್ಕ ತಲೆಕೆಳಗಾಗುವುದಿಲ್ಲ. ಬೆಳ್ಳಂಬೆಳಗ್ಗೆ ಮಾಡಿದರೆ ಮಾತ್ರ ಗೆರೆ ಓರೆ ಬರುತ್ತದೆ. ನಡು ಮಧ್ಯಾಹ್ನದ ಹತ್ತಿರವೇ ವಾಸಿ. ಆದರೆ ಅದು ಗಡಿಯಾರದ 12 ಅಲ್ಲ. ಬೆಂಗಳೂರಿನಲ್ಲಿ ಫೆಬ್ರವರಿ ನಡುವೆ 12:34 ಆಗುತ್ತದೆ, ನವೆಂಬರ್ ಶುರುವಿನಲ್ಲಿ 12:03.

ಪುರುಸೊತ್ತಿದ್ದರೆ ಹಳೇ ಶಂಕುವಿನ, ಅಂದರೆ ನೆಟ್ಟಗೆ ನಿಲ್ಲಿಸಿದ ಗೂಟದ, ವಿಧಾನವೇ ಚೆಂದ. ಯಜ್ಞವೇದಿಯ ಅಳತೆ ಹೇಳುವ ಪ್ರಾಚೀನ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲೇ ಅದಿದೆ. ತಾರಸಿ ಮೇಲೆ ಗೂಟ ನಿಲ್ಲಿಸಿ, ಹಗ್ಗ ಎಳೆದು ರಂಗೋಲಿ ಪುಡಿಯಲ್ಲಿ ಸುತ್ತು ಹಾಕಿದೆ. ಬೆಳಗ್ಗೆ ನೆರಳಿನ ತುದಿ ಸುತ್ತನ್ನು ಮುಟ್ಟಿ ಒಳಬಂದ ಜಾಗ, ಮಧ್ಯಾಹ್ನ ಮೇಲೆ ಮುಟ್ಟಿ ಹೊರಹೋದ ಜಾಗ, ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮದ ಗೆರೆ. ಮೊದಲ ದಿನ ಕಾಗೆ ಬಂದು ಪುಡಿ ಕೆದರಿ ಹೋಯಿತು. ಮರುದಿನ ಸೀಮೆಸುಣ್ಣ ಹಿಡಿದೆ.

ಆ ಗೆರೆಯ ಜೊತೆ ಹುಟ್ಟುವ ಸೂರ್ಯನನ್ನು ಹೋಲಿಸಿದಾಗ ಇನ್ನೊಂದು ಗೊತ್ತಾಯಿತು. ಡಿಸೆಂಬರ್ ಕೊನೆಗೆ ಅವನು ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಕೈ ಚಾಚಿ ಅಳೆದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು ಮಾತ್ರ.

ಏಪ್ರಿಲ್‌ನಲ್ಲಿ ಗೂಟದ ನೆರಳು ಬುಡದಲ್ಲೇ ಮಾಯವಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆಗಸ್ಟ್‌ನದ್ದಕ್ಕೆ ಮೂರು ವರ್ಷ ಕಾದಿದ್ದೇನೆ. ಎರಡು ಸಲ ಮೋಡ, ಒಂದು ಸಲ ಹನಿ ಮಳೆ.